ಸನ್‌ಸೆಟ್ ಓವರ್‌ಡ್ರೈವ್: ಚಲನೆಯನ್ನು ಒಕ್ಕೊರಲಿನಿಂದ ಹೊಗಳಿದ ವಿಮರ್ಶಕರು ಹಾಸ್ಯದ ವಿಷಯದಲ್ಲಿ ಏಕೆ ಒಪ್ಪುವುದಿಲ್ಲ?

ಪ್ರಶ್ನೆ

ಇನ್‌ಸೋಮ್ನಿಯಾಕ್ ಗೇಮ್ಸ್ ಸಂಸ್ಥೆ ರೂಪಿಸಿದ ‘ಸನ್‌ಸೆಟ್ ಓವರ್‌ಡ್ರೈವ್’ ಎಂಬ ವಿಡಿಯೋ ಗೇಮ್ 2014ರ ಅಕ್ಟೋಬರ್‌ನಲ್ಲಿ ಎಕ್ಸ್‌ಬಾಕ್ಸ್ ಒನ್ ಗೇಮ್ ಯಂತ್ರಕ್ಕೆ, 2018ರ ನವೆಂಬರ್‌ನಲ್ಲಿ ಕಂಪ್ಯೂಟರ್‌ಗೆ ಬಿಡುಗಡೆಯಾಯಿತು. ಇತ್ತೀಚೆಗೆ ಅದನ್ನು ಆಡಿ ಮುಗಿಸಿ, ಬಿಡುಗಡೆಯ ಕಾಲದ ವಿಮರ್ಶೆಗಳನ್ನು ಓದಲು ಕುಳಿತಾಗ ಒಂದು ವಿಚಿತ್ರ ಒಡಕು ಕಣ್ಣಿಗೆ ಬಿತ್ತು. ವಿಮರ್ಶೆಗಳ ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ಜಾಲತಾಣದಲ್ಲಿ ಅದರ ಸರಾಸರಿ ಅಂಕ ನೂರಕ್ಕೆ 80ರ ಆಸುಪಾಸಿನಲ್ಲಿದೆ, ಅಂದರೆ ಒಟ್ಟಾರೆ ಅಭಿಪ್ರಾಯ ಒಳ್ಳೆಯದೇ. ಆದರೆ ಕಂಬಿಗಳ ಮೇಲೆ ಜಾರುವುದು, ಕಾರುಗಳ ಮೇಲಿಂದ ಪುಟಿಯುವುದು, ಗೋಡೆಗಳ ಮೇಲೆ ಓಡುವುದು ಇವೆಲ್ಲವನ್ನೂ ಬಹುತೇಕ ಎಲ್ಲರೂ ಮೆಚ್ಚಿಕೊಂಡಿದ್ದರೆ, ಹಾಸ್ಯದ ಮಾತು ಬಂದ ಕೂಡಲೇ ಒಬ್ಬರಿಗೆ ಉಲ್ಲಾಸವಾಗಿ ಕಂಡದ್ದು ಇನ್ನೊಬ್ಬರಿಗೆ ಕಿರಿಕಿರಿಯಾಗಿ ಕಂಡಿದೆ.

ಆಡದವರಿಗಾಗಿ ಕಥೆಯ ಎಳೆಯನ್ನು ಹೇಳಿಬಿಡುತ್ತೇನೆ. 2027ರ ಸನ್‌ಸೆಟ್ ಸಿಟಿಯಲ್ಲಿ ಫಿಜ್‌ಕೋ ಎಂಬ ಕಂಪನಿ, ಸುರಕ್ಷತಾ ಪರೀಕ್ಷೆಗಳನ್ನು ಬದಿಗೊತ್ತಿ, ‘ಓವರ್‌ಚಾರ್ಜ್ ಡೆಲಿರಿಯಮ್ ಎಕ್ಸ್‌ಟಿ’ ಎಂಬ ಹೊಸ ಪಾನೀಯವನ್ನು ಮಾರುಕಟ್ಟೆಗೆ ತರುತ್ತದೆ. ಕುಡಿದವರು ವಿಕಾರ ಜೀವಿಗಳಾಗಿ ಬದಲಾಗುತ್ತಾರೆ. ಕಂಪನಿ ಅದನ್ನು ಸಾಂಕ್ರಾಮಿಕ ರೋಗವೆಂದು ಸಾರಿ ಇಡೀ ನಗರಕ್ಕೆ ದಿಗ್ಬಂಧನ ಹಾಕುತ್ತದೆ. ಪಾನೀಯದ ಬಿಡುಗಡೆ ಸಮಾರಂಭದಲ್ಲಿ ಕಸ ಎತ್ತುತ್ತಿದ್ದ ಒಬ್ಬ ಸಾಮಾನ್ಯ ನೌಕರನೇ ಆಟದ ನಾಯಕ ಅಥವಾ ನಾಯಕಿ.

ಈ ಪಾತ್ರ ಆಟದುದ್ದಕ್ಕೂ ತಾನೊಂದು ವಿಡಿಯೋ ಗೇಮ್‌ನೊಳಗೆ ಇದ್ದೇನೆಂದು ತಿಳಿದೇ ಮಾತನಾಡುತ್ತದೆ. ಇಂತಿಷ್ಟು ವಸ್ತು ಹುಡುಕಿ ತಂದುಕೊಡು ಎಂದು ಯಾರಾದರೂ ಹೇಳಿದರೆ, ಅದು ಎಂಥ ಸವಕಲು ಕೆಲಸವೆಂದು ಅದೇ ಟೀಕಿಸುತ್ತದೆ, ಟೀಕಿಸಿದ ಮೇಲೆ ಅದೇ ಕೆಲಸವನ್ನು ನಮ್ಮಿಂದ ಮಾಡಿಸುತ್ತದೆ. ನನ್ನ ಪ್ರಶ್ನೆ ಇಲ್ಲಿದೆ. ಆಟವು ತನ್ನ ದೌರ್ಬಲ್ಯವನ್ನು ತಾನೇ ಎತ್ತಿ ತೋರಿಸಿದರೆ ಅದನ್ನು ವಿಮರ್ಶೆಯೆಂದು ಗೌರವಿಸಬೇಕೋ, ಅಥವಾ ವಿಮರ್ಶಕನ ಬಾಯಿ ಮುಚ್ಚಿಸುವ ಉಪಾಯವೆಂದು ನೋಡಬೇಕೋ? ಇಂಥ ಆಟದಲ್ಲಿ ಹಾಸ್ಯವನ್ನು ಆಟದ ಕ್ರಿಯೆಯಿಂದ ಬೇರ್ಪಡಿಸಿ ತೂಗಲು ಸಾಧ್ಯವೇ?

ಮೊದಲ ಉತ್ತರ

ಬೇರ್ಪಡಿಸಲು ಸಾಧ್ಯ ಎನ್ನುವುದಕ್ಕಿಂತ, ಬೇರ್ಪಡಿಸದೆ ಈ ಆಟವನ್ನು ಸರಿಯಾಗಿ ತೂಗಲು ಸಾಧ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ. ‘ಸನ್‌ಸೆಟ್ ಓವರ್‌ಡ್ರೈವ್’ನಲ್ಲಿ ಎರಡು ಬಗೆಯ ಹಾಸ್ಯಗಳಿವೆ. ಒಂದು ಪಾತ್ರಗಳ ಬಾಯಿಂದ ಬರುವುದು. ಇನ್ನೊಂದು ಆಟಗಾರನ ಕೈಯಿಂದ ಹುಟ್ಟುವುದು. ವಿಮರ್ಶಕರಲ್ಲಿ ಹಲವರು ಮೊದಲನೆಯದನ್ನು ಮಾತ್ರ ‘ಹಾಸ್ಯ’ ಎಂಬ ತಲೆಬರಹದಡಿ ಇಟ್ಟು, ಎರಡನೆಯದನ್ನು ‘ಆಟದ ವಿನ್ಯಾಸ’ದ ಲೆಕ್ಕಕ್ಕೆ ಸೇರಿಸಿದರು. ನೀವು ಕಂಡ ಒಡಕು ಹುಟ್ಟಿದ್ದು ಈ ವಿಂಗಡಣೆಯಿಂದ.

ಕೈಯಿಂದ ಹುಟ್ಟುವ ಹಾಸ್ಯ ಎಂದರೆ ಏನೆಂದು ಸ್ವಲ್ಪ ವಿವರಿಸುತ್ತೇನೆ. ಈ ಆಟದ ಆಯುಧಗಳನ್ನು ನೋಡಿ: ಮಕ್ಕಳ ಆಟದ ಕರಡಿಗೆ ಸಿಡಿಮದ್ದು ಕಟ್ಟಿ ಹಾರಿಸುವ ‘ಟಿಎನ್‌ಟೆಡ್ಡಿ’, ಗ್ರಾಮಫೋನ್ ತಟ್ಟೆಗಳನ್ನು ಎಸೆಯುವ ‘ಹೈ ಫಿಡೆಲಿಟಿ’, ಬೌಲಿಂಗ್ ಚೆಂಡುಗಳನ್ನು ಉಗುಳುವ ‘ದಿ ಡ್ಯೂಡ್’. ಇವುಗಳ ಹೆಸರನ್ನು ಓದಿ ಬರುವ ಮುಗುಳ್ನಗೆ ಒಂದು ಗಳಿಗೆಯದು. ಆದರೆ ಎಸೆದ ತಟ್ಟೆ ಗೋಡೆಯಿಂದ ಗೋಡೆಗೆ ಪುಟಿದು ನಾವು ಎಣಿಸಿರದ ಶತ್ರುವಿಗೆ ಬಡಿದಾಗ, ಅದೂ ನಾವು ವಿದ್ಯುತ್ ತಂತಿಯೊಂದರ ಕೆಳಗೆ ತಲೆಕೆಳಗಾಗಿ ಜಾರುತ್ತಿರುವಾಗ, ಬರುವ ನಗೆ ಬೇರೆ ಜಾತಿಯದು. ಅದನ್ನು ಯಾವ ಸಂಭಾಷಣೆಕಾರನೂ ಬರೆದಿಟ್ಟಿಲ್ಲ. ವೇಗ, ಎತ್ತರ, ಆಯುಧದ ವರ್ತನೆ, ಶತ್ರುಗಳ ದಟ್ಟಣೆ ಇವು ನಾಲ್ಕೂ ಒಂದು ಕ್ಷಣದಲ್ಲಿ ಕೂಡಿಬಂದು ಅದು ಹುಟ್ಟುತ್ತದೆ, ಮತ್ತು ಮರುಕ್ಷಣ ಹಾಗೆಯೇ ಮರುಕಳಿಸುವುದಿಲ್ಲವಾದ್ದರಿಂದ ಹಳಸುವುದೂ ಇಲ್ಲ. ಬರೆದ ಚಟಾಕಿಗೆ ಈ ಭಾಗ್ಯವಿಲ್ಲ. ಹತ್ತಾರು ಗಂಟೆ ನಡೆಯುವ ಆಟದಲ್ಲಿ ಅದು ಒಂದೇ ಧಾಟಿಯಲ್ಲಿ ಬರುತ್ತಲೇ ಇದ್ದರೆ ಎಷ್ಟೇ ಚುರುಕಾಗಿದ್ದರೂ ಮಂಕಾಗುತ್ತದೆ.

ಸತ್ತ ಮೇಲೆ ಪಾತ್ರ ಮತ್ತೆ ಪ್ರವೇಶಿಸುವ ರೀತಿಯನ್ನೂ ಇದೇ ದೃಷ್ಟಿಯಿಂದ ಗಮನಿಸಬೇಕು. ಒಮ್ಮೆ ಹಾರುವ ತಟ್ಟೆಯಿಂದ ಕೆಳಗಿಳಿಯುತ್ತದೆ, ಮತ್ತೊಮ್ಮೆ ಶವಪೆಟ್ಟಿಗೆಯಿಂದ ಎದ್ದು ಬರುತ್ತದೆ. ಸೋಲು ಎನ್ನುವುದು ಗುಂಡು ಹಾರಿಸಿ ಕಾದಾಡುವ ಶೂಟರ್ ಆಟಗಳಲ್ಲಿ ಸಾಮಾನ್ಯವಾಗಿ ಸಿಟ್ಟು ತರಿಸುವ ಜಾಗ. ಹೊರೆಯಾಗಬಹುದಾಗಿದ್ದ ಆ ಕ್ಷಣವನ್ನು ಇಲ್ಲಿ ಎರಡು ಮೂರು ಸೆಕೆಂಡುಗಳ ದೃಶ್ಯವೊಂದು ಹಗುರ ಮಾಡಿಕೊಡುತ್ತದೆ. ಈ ಹಾಸ್ಯಕ್ಕೆ ಒಂದು ಕೆಲಸವಿದೆ. ಆದ್ದರಿಂದಲೇ ಅದನ್ನು ನಾನು ಗೌರವಿಸುತ್ತೇನೆ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ತಾನೇ ಮಾಡಿಸುತ್ತಿರುವ ಸವಕಲು ಕೆಲಸವನ್ನು ತಾನೇ ಟೀಕಿಸುವ ಆಟವನ್ನು ವಿಮರ್ಶೆಯೆಂದು ಒಪ್ಪಲು ನನಗೆ ಸಾಧ್ಯವಿಲ್ಲ. ಟೀಕೆಗೆ ಬೆಲೆ ಬರುವುದು ಅದರಿಂದ ಏನಾದರೂ ಬದಲಾದಾಗ. ಮೂರು ವಸ್ತುಗಳನ್ನು ತರಬೇಕೆಂದಿದ್ದ ಮಿಷನ್, ನಾಯಕನ ಗೊಣಗಾಟದ ನಂತರ ಇದ್ದಕ್ಕಿದ್ದಂತೆ ಬೇರೆ ದಿಕ್ಕಿಗೆ ತಿರುಗಿದ್ದರೆ ಅದು ಪ್ರಕಾರದ ಮೇಲಿನ ನಿಜವಾದ ವಿಡಂಬನೆಯಾಗುತ್ತಿತ್ತು. ಗೊಣಗಿದ ಮೇಲೂ ಮೂರನ್ನೂ ತರಲೇಬೇಕೆಂದರೆ, ವಿನ್ಯಾಸಕಾರರು ತೊಂದರೆಯನ್ನು ಗುರುತಿಸಿ ಸರಿಪಡಿಸದೆ ಬಿಟ್ಟರು ಎಂಬುದಕ್ಕೆ ಅವರೇ ಕೊಟ್ಟ ಸಾಕ್ಷಿ ಅದು.

ಎರಡನೆಯ ಉತ್ತರ

ಮೇಲಿನ ವಿಂಗಡಣೆ ಸರಿಯಾಗಿದೆ. ಅದಕ್ಕೆ ಸೇರಬೇಕಾದದ್ದು ಆಟದ ಮೊದಲ ಒಂದೆರಡು ಗಂಟೆಗಳ ವಿಷಯ, ಏಕೆಂದರೆ ಅನೇಕರ ಅಭಿಪ್ರಾಯ ಗಟ್ಟಿಯಾಗುವುದು ಅಲ್ಲಿಯೇ.

ಆರಂಭದಲ್ಲಿ ನಮ್ಮ ಕೈಯಲ್ಲಿ ಚಲನೆಯ ಕೆಲವೇ ಕೌಶಲಗಳಿರುತ್ತವೆ. ಗಾಳಿಯಲ್ಲಿ ದಿಕ್ಕು ಬದಲಿಸಿ ಮುನ್ನುಗ್ಗುವ ಏರ್ ಡ್ಯಾಶ್, ನೀರಿನ ಮೇಲೆ ಜಾರುವ ಶಕ್ತಿ ಮುಂತಾದವು ಕಥೆ ಸಾಗಿದಂತೆ ಸಿಗುತ್ತವೆ. ನೆಲದ ಮೇಲೆ ನಿಂತರೆ ಪಾತ್ರ ನಿಧಾನವಾಗಿ ಓಡುತ್ತದೆ, ಶತ್ರುಗಳು ಸುತ್ತುವರಿಯುತ್ತಾರೆ, ಅಡಗಿ ಕುಳಿತು ಗುಂಡು ಹಾರಿಸುವ ವ್ಯವಸ್ಥೆಯೇ ಇಲ್ಲ. ಇದು ಬೇಕೆಂದೇ ಮಾಡಿದ ವಿನ್ಯಾಸ. ಕಂಬಿ, ತಂತಿ, ಕಾರು, ಅಂಗಡಿಗಳ ಮುಂದಿನ ಮೇಲ್ಛಾವಣಿ ಇವುಗಳ ಮೇಲೆಯೇ ಇರು ಎಂದು ಆಟ ನಮ್ಮನ್ನು ಒತ್ತಾಯಿಸುತ್ತದೆ, ಮತ್ತು ಹಾಗೆ ಇದ್ದಷ್ಟು ಹೊತ್ತೂ ನಮ್ಮ ಚಮತ್ಕಾರವನ್ನು ಅಳೆಯುವ ಸ್ಟೈಲ್ ಮೀಟರ್ ಏರುತ್ತ ಹೋಗಿ, ನಾವು ಜೋಡಿಸಿಕೊಂಡ ಆ್ಯಂಪ್‌ಗಳು, ಅಂದರೆ ವಿಶೇಷ ಶಕ್ತಿಗಳು, ಒಂದೊಂದಾಗಿ ಜಾಗೃತವಾಗುತ್ತವೆ. ಗುರಿ ಹಿಡಿಯುವಲ್ಲಿ ಆಟ ಬಹಳ ಉದಾರವಾಗಿರುವುದೂ ಇದಕ್ಕಾಗಿಯೇ. ಕಣ್ಣು ಮುಂದಿನ ಕಂಬಿಯ ಮೇಲಿರಬೇಕು ಎಂಬುದು ವಿನ್ಯಾಸಕಾರರ ಇಂಗಿತ.

ಆದರೆ ಈ ಲಯ ಕೈಗೆ ಹತ್ತುವವರೆಗೆ ಆಟಗಾರನಿಗೆ ಕೇಳಿಸುವುದು ಮಾತು ಮಾತ್ರ. ಕೈಯಿಂದ ಹುಟ್ಟಬೇಕಾದ ಹಾಸ್ಯ ಇನ್ನೂ ಹುಟ್ಟಿಲ್ಲ, ಬಾಯಿಯ ಹಾಸ್ಯ ಅಷ್ಟರಲ್ಲಾಗಲೇ ಪೂರ್ಣ ಸದ್ದಿನಲ್ಲಿ ನಡೆದಿದೆ. ಅಲ್ಲಿಯೇ ಬೇಸತ್ತು ನಿಲ್ಲಿಸಿದವರ ಅಭಿಪ್ರಾಯವನ್ನು ಅನ್ಯಾಯವೆಂದು ನಾನು ಹೇಳುವುದಿಲ್ಲ. ಒಂದು ಆಟ ತನ್ನ ಅತ್ಯುತ್ತಮ ಗುಣವನ್ನು ಅಷ್ಟು ತಡವಾಗಿ ತೋರಿಸಿದರೆ ಅದರ ಬೆಲೆಯನ್ನು ಆಟವೇ ತೆರಬೇಕು.

ಮೂರನೆಯ ಉತ್ತರ

ಮೊದಲ ಉತ್ತರದಲ್ಲಿ ಬರೆದ ಹಾಸ್ಯವನ್ನು ಇಡಿಯಾಗಿ ತಳ್ಳಿಹಾಕಿದಂತೆ ಕಾಣುತ್ತದೆ. ಅದಕ್ಕೆ ನನ್ನ ತಕರಾರಿದೆ.

ಈ ಆಟ ಯಾವ ಹಿನ್ನೆಲೆಯಿಂದ ಬಂದಿತೆಂದು ನೆನಪಿಸಿಕೊಳ್ಳಿ. ಇದೇ ಸಂಸ್ಥೆ 2011ರ ಇ3 ಎಂಬ ವಿಡಿಯೋ ಗೇಮ್ ಸಮ್ಮೇಳನದಲ್ಲಿ ‘ಓವರ್‌ಸ್ಟ್ರೈಕ್’ ಎಂಬ ಆಟವನ್ನು ಘೋಷಿಸಿತ್ತು. ಅದರ ಟ್ರೇಲರ್‌ನಲ್ಲಿ ಗಾಢ ಬಣ್ಣಗಳಿದ್ದವು, ತುಂಟತನವಿತ್ತು, ಪರಸ್ಪರ ಕಾಲೆಳೆಯುವ ನಾಲ್ವರು ಏಜೆಂಟರಿದ್ದರು. ಎರಡು ವರ್ಷಗಳ ನಂತರ, 2013ರಲ್ಲಿ, ಅದೇ ಆಟ ‘ಫ್ಯೂಸ್’ ಎಂಬ ಹೆಸರಿನಲ್ಲಿ ಹೊರಬಂದಾಗ ತುಂಟತನವೂ ಇರಲಿಲ್ಲ, ಬಣ್ಣಗಳೂ ಇರಲಿಲ್ಲ. ಇತರ ಗಂಭೀರ ಶೂಟರ್‌ಗಳ ಸಾಲಿನಲ್ಲಿ ನಿಲ್ಲಬೇಕೆಂಬ ಪ್ರಯತ್ನದಲ್ಲಿ ಅದು ಯಾರಿಗೂ ನೆನಪುಳಿಯದ ಆಟವಾಯಿತು, ವಿಮರ್ಶಕರೂ ಅದನ್ನು ತಣ್ಣಗೆ ಸ್ವೀಕರಿಸಿದರು. ಅದರ ಬೆನ್ನಿಗೇ ಬಂದ ‘ಸನ್‌ಸೆಟ್ ಓವರ್‌ಡ್ರೈವ್’ ಬಣ್ಣ, ಪಂಕ್ ಸಂಗೀತ, ಅಬ್ಬರದ ಮಾತು ಎಲ್ಲವನ್ನೂ ಮಿತಿಮೀರಿ ಸುರಿಯಿತು. ಆ ಅತಿರೇಕದಲ್ಲಿ ನನಗೆ ಕಾಣುವುದು ಬೂದುಬಣ್ಣದ ಶೂಟರ್‌ಗಳ ಕಾಲದಲ್ಲಿ ಉಸಿರುಗಟ್ಟಿದ್ದ ಒಂದು ತಂಡದ ಬಿಡುಗಡೆಯ ಸಂತೋಷ. ಅದನ್ನು ಕೇವಲ ಗದ್ದಲವೆಂದು ಕರೆದ ವಿಮರ್ಶಕರು ಆಟದ ಮನಸ್ಸನ್ನು ತಪ್ಪಾಗಿ ಓದಿದ್ದಾರೆ.

ಬರೆದ ಹಾಸ್ಯ ನಿಜವಾಗಿ ಫಲ ಕೊಟ್ಟಿರುವುದು ನಗರದಲ್ಲಿ ಬದುಕುಳಿದ ಗುಂಪುಗಳ ಚಿತ್ರಣದಲ್ಲಿ. ಜಗತ್ತು ಮುಗಿದರೂ ಸೌಕರ್ಯ ಬಿಡಲೊಲ್ಲದ ಸಿರಿವಂತರ ಮಕ್ಕಳಾದ ಆಕ್ಸ್‌ಫರ್ಡ್‌ಗಳು, ಸಮುರಾಯ್ ಶಿಸ್ತನ್ನು ಮೈಗೂಡಿಸಿಕೊಂಡ ಸ್ಕೌಟ್‌ಗಳ ‘ಟ್ರೂಪ್ ಬುಶಿಡೊ’, ತಾವು ಆಡುತ್ತಿದ್ದ ಮಧ್ಯಯುಗದ ವೇಷದಾಟವನ್ನೇ ಬದುಕಾಗಿಸಿಕೊಂಡ ಫಾರ್ಗಾರ್ಥಿಯನ್ನರು, ಆಸ್ಪತ್ರೆಯ ಮಕ್ಕಳ ಕಾಳಜಿ ವಹಿಸುವ ‘ಲಾಸ್ ಕತ್ರಿನಾಸ್’. ಈ ಗುಂಪುಗಳನ್ನು ಆಟ ಮೊದಲು ನಗೆಪಾಟಲಿನ ವಸ್ತುವಾಗಿ ಪರಿಚಯಿಸುತ್ತದೆ, ಆದರೆ ಅಲ್ಲಿಗೆ ನಿಲ್ಲಿಸುವುದಿಲ್ಲ. ಕುಸಿದ ನಗರದಲ್ಲಿ ಮನುಷ್ಯರು ಯಾವುದೋ ಒಂದು ನಿಯಮಕ್ಕೆ, ಯಾವುದೋ ಒಂದು ಆಟಕ್ಕೆ ಜೋತುಬಿದ್ದು ತಮ್ಮನ್ನು ತಾವು ಉಳಿಸಿಕೊಳ್ಳುತ್ತಾರೆ ಎಂಬುದು ಅವರ ಮಿಷನ್‌ಗಳಲ್ಲಿ ಮೆಲ್ಲಗೆ ಮೂಡುತ್ತದೆ. ಫಾರ್ಗಾರ್ಥಿಯನ್ನರ ರಾಜನಿಷ್ಠೆಯನ್ನು ಕಂಡು ನಕ್ಕವನು, ಆ ನಿಷ್ಠೆಯೇ ಅವರನ್ನು ಬದುಕಿಸಿದೆ ಎಂದು ಸ್ವಲ್ಪ ಹೊತ್ತಿನಲ್ಲಿ ಅರಿಯುತ್ತಾನೆ. ಇದು ಬರೆದ ಹಾಸ್ಯವೇ, ಆದರೆ ಇದರಲ್ಲಿ ಪ್ರೀತಿಯಿದೆ. ನಾಯಕನ ಪ್ರತಿಯೊಂದು ಕೊಂಕುಮಾತನ್ನು ನಾನು ಸಮರ್ಥಿಸುತ್ತಿಲ್ಲ. ಬರಹವೆಲ್ಲ ಆ ಕೊಂಕುಮಾತುಗಳಷ್ಟೇ ಎಂಬಂತೆ ತೀರ್ಪು ಕೊಡುವುದನ್ನು ಮಾತ್ರ ಒಪ್ಪುವುದಿಲ್ಲ.

ಪಾತ್ರ ರೂಪಿಸಿಕೊಳ್ಳುವಲ್ಲಿ ಆಟ ಕೊಟ್ಟಿರುವ ಸ್ವಾತಂತ್ರ್ಯವನ್ನೂ ಹೇಳಬೇಕು. ಗಂಡಾಗಲಿ ಹೆಣ್ಣಾಗಲಿ, ಯಾವ ಮೈಕಟ್ಟಾಗಲಿ, ಯಾವ ಉಡುಪನ್ನು ಬೇಕಾದರೂ ತೊಡಬಹುದು. 2014ರಲ್ಲಿ ಇದು ಸಾಮಾನ್ಯವಾಗಿರಲಿಲ್ಲ. ಆಟದ ಉದಾರ ಮನಸ್ಸಿಗೆ ಇದೂ ಒಂದು ಗುರುತು.

ನಾಲ್ಕನೆಯ ಉತ್ತರ

ಇದೇ ಪ್ರಕಾರದ ಇತರ ಆಟಗಳ ಜೊತೆ ಇಟ್ಟು ನೋಡಿದರೆ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ವೊಲಿಶನ್ ಸಂಸ್ಥೆಯ ‘ಸೇಂಟ್ಸ್ ರೋ’ ಸರಣಿ 2006ರಲ್ಲಿ ಸಾಕಷ್ಟು ಗಂಭೀರ ಧಾಟಿಯಲ್ಲಿ ಶುರುವಾಗಿ, 2011ರ ಮೂರನೆಯ ಭಾಗದ ಹೊತ್ತಿಗೆ ಪೂರ್ತಿ ಹಾಸ್ಯಕ್ಕೆ ಹೊರಳಿತು. ಆ ಸರಣಿಯ ‘ಇನ್ಶೂರೆನ್ಸ್ ಫ್ರಾಡ್’ ಎಂಬ ಚಟುವಟಿಕೆಯನ್ನು ನೋಡಿ. ಓಡುತ್ತಿರುವ ವಾಹನಗಳ ಮುಂದೆ ನಮ್ಮ ಪಾತ್ರವನ್ನು ನಾವೇ ಎಸೆದು, ಅದು ಎಷ್ಟು ದೂರ ಹಾರಿ ಎಷ್ಟು ಬಾರಿ ಉರುಳುತ್ತದೆಯೋ ಅಷ್ಟು ಪರಿಹಾರಧನ ಗಳಿಸುವುದು ಅದರ ಸಾರ. ಅಲ್ಲಿ ಒಂದು ಮಾತೂ ಬೇಕಿಲ್ಲ. ನಿಯಮವೇ ನಗೆ. 2013ರ ನಾಲ್ಕನೆಯ ಭಾಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಅಮೆರಿಕದ ಅಧ್ಯಕ್ಷನಾದ ನಾಯಕನನ್ನು 1950ರ ದಶಕದ ಸಿಟ್‌ಕಾಮ್ (ಟಿವಿ ಹಾಸ್ಯ ಧಾರಾವಾಹಿ) ಶೈಲಿಯ ಹುಸಿ ಪಟ್ಟಣದೊಳಗೆ ಕೂಡಿಹಾಕುತ್ತದೆ. ಆ ಭಾಗದಲ್ಲಿ ಆಟದ ನಡಿಗೆಯೇ ಬದಲಾಗುತ್ತದೆ. ಪ್ರಕಾರವನ್ನು ವಿಡಂಬಿಸಬೇಕಾದರೆ ಆ ಪ್ರಕಾರದ ರೂಪವನ್ನು ತಾನೂ ತಾಳಬೇಕೆಂಬ ಅರಿವು ಅಲ್ಲಿದೆ. ‘ಸನ್‌ಸೆಟ್ ಓವರ್‌ಡ್ರೈವ್’ನ ನಾಯಕನ ಗೊಣಗಾಟದಲ್ಲಿ ಕಾಣದಿರುವುದು ಇದೇ. ಅಲ್ಲಿ ರೂಪ ಬದಲಾಗುವುದಿಲ್ಲ, ಮಾತು ಮಾತ್ರ ಬದಲಾಗುತ್ತದೆ.

ಆದರೆ ಒಂದು ಅಂಶದಲ್ಲಿ ‘ಸನ್‌ಸೆಟ್’ ಮೇಲುಗೈ ಸಾಧಿಸಿದೆ. ‘ಸೇಂಟ್ಸ್ ರೋ 4’ರಲ್ಲಿ ಅತಿಮಾನುಷ ಶಕ್ತಿಗಳು ಬಂದ ಕೂಡಲೇ ಕಾರುಗಳು ನಿರುಪಯುಕ್ತವಾದವು, ನಗರ ಕೇವಲ ಹಾರಿ ದಾಟುವ ಹಿನ್ನೆಲೆಯಾಯಿತು. ಸನ್‌ಸೆಟ್ ಸಿಟಿಯಲ್ಲಿ ಒಂದೊಂದು ಕಟ್ಟೆ, ಒಂದೊಂದು ತಂತಿಯೂ ಉಪಯೋಗಕ್ಕೆ ಬರುತ್ತದೆ. ನಗರವನ್ನು ಚಲನೆಗಾಗಿಯೇ ಕಟ್ಟಲಾಗಿದೆ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನೇ ಆಟವಾಗಿಸಿದ ಓಪನ್ ವರ್ಲ್ಡ್‌ಗಳು, ಅಂದರೆ ಮನಬಂದಂತೆ ಅಲೆಯಬಹುದಾದ ಆಟದ ಜಗತ್ತುಗಳು, ಬಹಳ ಇಲ್ಲ. ಇದೇ ಸಂಸ್ಥೆ 2018ರಲ್ಲಿ ‘ಮಾರ್ವೆಲ್ಸ್ ಸ್ಪೈಡರ್-ಮ್ಯಾನ್’ ತಂದಾಗ ಅದರ ಜೋಲಾಡುವ ಚಲನೆಯನ್ನು ಎಲ್ಲರೂ ಕೊಂಡಾಡಿದರು. ‘ಸನ್‌ಸೆಟ್’ ಆಡಿದವರಿಗೆ ಆ ಕೈಚಳಕದ ಪರಿಚಯ ಮೊದಲೇ ಆಗಿತ್ತು.

ಬರೆದ ಹಾಸ್ಯವನ್ನೇ ನೆಚ್ಚಿಕೊಂಡರೆ ಏನಾಗುತ್ತದೆಂಬುದಕ್ಕೆ 2022ರ ಮರುಆರಂಭದ ‘ಸೇಂಟ್ಸ್ ರೋ’ ನೋಡಿದರೆ ಸಾಕು. ಮಾತುಗಳು ಸರಾಗವಾಗಿ ಹರಿದರೂ, ಅವುಗಳ ಕೆಳಗಿನ ಗುಂಡಿನ ಕಾಳಗ ಹಳೆಯದಾಗಿತ್ತು, ದೋಷಗಳೂ ತುಂಬಿದ್ದವು. ವಿಮರ್ಶೆಗಳು ಕಟುವಾಗಿದ್ದವು, ಮತ್ತು ಮರುವರ್ಷದ ಆಗಸ್ಟ್‌ನಲ್ಲಿ ವೊಲಿಶನ್ ಸಂಸ್ಥೆಯೇ ಮುಚ್ಚಿಹೋಯಿತು. ಮುಚ್ಚಿದ್ದಕ್ಕೆ ಆಟವೊಂದೇ ಕಾರಣವೆಂದು ನಾನು ಹೇಳುತ್ತಿಲ್ಲ. ಇಷ್ಟು ಕಾಲ ನಗಿಸಿದ ತಂಡವೊಂದು ಹಾಗೆ ಇಲ್ಲವಾದದ್ದು ನನಗೆ ಇಂದಿಗೂ ಬೇಸರದ ಸಂಗತಿ.

ಪ್ರಶ್ನೆ ಕೇಳಿದವರು

ಎಲ್ಲ ಉತ್ತರಗಳಿಗೂ ಕೃತಜ್ಞನಾಗಿದ್ದೇನೆ. ಗುಂಪುಗಳ ಚಿತ್ರಣದ ಬಗ್ಗೆ ಮೂರನೆಯ ಉತ್ತರದಲ್ಲಿ ಹೇಳಿರುವುದನ್ನು ಪೂರ್ತಿ ಒಪ್ಪುತ್ತೇನೆ. ಈಗ ಯೋಚಿಸಿದರೆ ನನಗೆ ನೆನಪಿನಲ್ಲಿ ಉಳಿದ ಮಾತುಗಳು ಬಹುಪಾಲು ಅವರವೇ.

ಆದರೆ ಫಿಜ್‌ಕೋ ಕಂಪನಿಯ ವಿಷಯದಲ್ಲಿ ನನ್ನ ಅತೃಪ್ತಿ ಹಾಗೆಯೇ ಇದೆ. ಪರೀಕ್ಷೆಯಿಲ್ಲದೆ ಸರಕು ಮಾರುವುದು, ಅನಾಹುತವಾದ ಮೇಲೆ ಸುಳ್ಳು ಸುದ್ದಿ ಹಬ್ಬಿಸುವುದು, ಸಾಕ್ಷಿಗಳನ್ನು ಅಳಿಸಲು ರೋಬಾಟ್‌ಗಳನ್ನು ಕಳಿಸುವುದು ಇವೆಲ್ಲ ವಿಡಂಬನೆಗೆ ಎಷ್ಟು ಫಲವತ್ತಾದ ವಸ್ತು! ನಗುಮುಖದ ಫಿಜ್ಜಿ ಎಂಬ ಲಾಂಛನಬೊಂಬೆ ದೈತ್ಯ ಬಲೂನಾಗಿ ನಗರದ ಮೇಲೆ ತೇಲಿ ಬಂದು ಕಾದಾಡುವ ಪ್ರಸಂಗ ನನಗೆ ಬಹಳ ಇಷ್ಟವಾಯಿತು, ಏಕೆಂದರೆ ಜಾಹೀರಾತಿನ ನಗುವೇ ಅಲ್ಲಿ ಶತ್ರುವಾಗಿ ನಿಲ್ಲುತ್ತದೆ. ಆದರೆ ಅಂಥ ಪ್ರಸಂಗಗಳ ಆಚೆಗೆ ಕಂಪನಿಯೊಳಗೆ ನಿರ್ಧಾರ ತೆಗೆದುಕೊಂಡವರು ಯಾರು, ನಮ್ಮ ನಾಯಕನಂಥ ನೌಕರರು ಅಲ್ಲಿ ಹೇಗೆ ದುಡಿಯುತ್ತಿದ್ದರು ಎಂಬುದರ ಕಡೆಗೆ ಆಟ ಹೆಚ್ಚು ಹೊರಳುವುದಿಲ್ಲ. ಕಸ ಎತ್ತುವವನನ್ನು ನಾಯಕನನ್ನಾಗಿಸಿದ ಮೇಲೆ ಆ ದೃಷ್ಟಿಯಿಂದ ಕಂಪನಿಯನ್ನು ನೋಡುವ ಅವಕಾಶವಿತ್ತು.

ಜೊತೆಗೆ ನೆಲೆಗಳನ್ನು ಕಾಯುವ ರಾತ್ರಿಯ ಕಾಳಗಗಳ ಬಗ್ಗೆ ನಿಮ್ಮ ಅಭಿಪ್ರಾಯವೇನು? ಆ್ಯಂಪ್ ತಯಾರಾಗುವ ತೊಟ್ಟಿಗಳ ಸುತ್ತ ಬಲೆಗಳನ್ನು ಹೂಡಿ, ನುಗ್ಗಿ ಬರುವ ಹಿಂಡುಗಳನ್ನು ತಡೆಯುವ ಆ ಭಾಗಗಳನ್ನು ಕೆಲವರು ಅನವಶ್ಯಕ ಎಂದಿದ್ದಾರೆ.

ಮೊದಲ ಉತ್ತರ ಬರೆದವರು

ಫಿಜ್‌ಕೋ ಬಗ್ಗೆ ನೀವು ಹೇಳಿದ್ದು ನ್ಯಾಯವಾಗಿದೆ. ಕಾರಣ ಬಹುಶಃ ಇದು: ಆಟಕ್ಕೆ ಕಂಪನಿಯ ಅಗತ್ಯವಿರುವುದು ನಗರವನ್ನು ಖಾಲಿ ಮಾಡಿಸಿ ನಮಗೆ ಆಟದ ಮೈದಾನವಾಗಿ ಒಪ್ಪಿಸುವುದಕ್ಕೆ. ಆ ಕೆಲಸ ಮುಗಿದ ಮೇಲೆ ವಿಡಂಬನೆಯನ್ನು ಆಳಕ್ಕೆ ಒಯ್ಯುವ ತಾಳ್ಮೆ ಅದಕ್ಕಿಲ್ಲ. ನಗರದ ವಿನಾಶವನ್ನೇ ಹಬ್ಬದಂತೆ ತೋರಿಸುವ ಆಟ, ಅದರ ಹೊಣೆಗಾರರ ಮೇಲೆ ನಿಜವಾಗಿ ಸಿಟ್ಟಾಗುವುದು ಕಷ್ಟವೇ. ಈ ಬಿಕ್ಕಟ್ಟನ್ನು ಯಾವುದಾದರೂ ವಿಮರ್ಶೆ ವಿಸ್ತಾರವಾಗಿ ಚರ್ಚಿಸಿದ್ದರೆ ಓದಲು ನನಗೂ ಆಸೆ.

ರಾತ್ರಿಯ ಕಾಳಗಗಳನ್ನು ನಾನು ಸಮರ್ಥಿಸುತ್ತೇನೆ. ಹಗಲಿನ ಚಲನೆಯಲ್ಲಿ ನಮಗೆ ಗುರಿಯಿಲ್ಲದ ಅಲೆದಾಟದ ಸುಖವಿದೆ. ರಾತ್ರಿ ಅದೇ ಕೌಶಲಕ್ಕೆ ಒಂದು ಕೇಂದ್ರ ಸಿಗುತ್ತದೆ, ತೊಟ್ಟಿಗಳಿಂದ ಬಹಳ ದೂರ ಹೋಗುವಂತಿಲ್ಲ, ಆದರೂ ನೆಲಕ್ಕೆ ಇಳಿಯುವಂತಿಲ್ಲ. ನೂರಾರು ಓಡಿಗಳು, ಅಂದರೆ ಆ ಪಾನೀಯ ಕುಡಿದು ವಿಕಾರಗೊಂಡವರು, ಒಟ್ಟಿಗೆ ನುಗ್ಗಿದಾಗ ಕಂಬಿಗಳ ಮೇಲೆ ಸುತ್ತು ಹೊಡೆಯುತ್ತ, ಯಾವ ಬದಿ ದುರ್ಬಲವಾಗಿದೆಯೆಂದು ನೋಡುತ್ತ ಆಯುಧ ಬದಲಿಸುವ ಆ ಹತ್ತು ನಿಮಿಷಗಳಲ್ಲಿ ನಾಯಕನಿಗೆ ಮಾತನಾಡಲು ಪುರುಸೊತ್ತಿರುವುದಿಲ್ಲ. ಆಟದ ಅತ್ಯಂತ ತಮಾಷೆಯ ಕ್ಷಣಗಳು ನನಗೆ ಸಿಕ್ಕಿದ್ದು ಅಲ್ಲಿಯೇ.

ದೋಷವನ್ನು ಹುಡುಕಬೇಕಾದದ್ದು ‘ಸ್ಕ್ಯಾಬ್’ ಎಂದು ಕರೆಯಲಾಗುವ ಮಾನವ ಶತ್ರುಗಳಲ್ಲಿ. ಓಡಿಗಳು ಹಿಂಡಾಗಿ ಬರುವುದರಿಂದ ಸ್ಫೋಟಕ ಆಯುಧಗಳ ಚೆಲ್ಲಾಟಕ್ಕೆ ಹೇಳಿ ಮಾಡಿಸಿದಂತಿವೆ. ಸ್ಕ್ಯಾಬ್‌ಗಳು ಚದುರಿ ನಿಂತು ದೂರದಿಂದ ಗುಂಡು ಹಾರಿಸುತ್ತಾರೆ. ಅವರನ್ನು ಎದುರಿಸುವಾಗ ಆಟ ಇತರ ಯಾವುದೇ ಶೂಟರ್‌ನಂತೆ ಭಾಸವಾಗುತ್ತದೆ, ಮತ್ತು ಅಲ್ಲಿ ಮಾತಿನ ಹಾಸ್ಯ ಎಷ್ಟೇ ಜೋರಾಗಿ ಕೇಳಿಸಿದರೂ ಕಾಳಗಕ್ಕೆ ಜೀವ ಬರುವುದಿಲ್ಲ.

ಎರಡನೆಯ ಉತ್ತರ ಬರೆದವರು

ಸ್ಕ್ಯಾಬ್‌ಗಳ ವಿಷಯದಲ್ಲಿ ನನ್ನ ಅನುಭವವೂ ಅದೇ. ಮರಳಿ ಆಡುವವರಿಗೆ ಒಂದು ಸಲಹೆಯಿದೆ: ಅವರ ಎದುರು ಓಡಿಗಳ ಮೇಲೆ ಬಳಸಿದ ಆಯುಧಗಳನ್ನೇ ಹಿಡಿದು ಹೋಗಬೇಡಿ. ಯಾವ ಆಯುಧ ಯಾವ ಬಗೆಯ ಶತ್ರುವಿಗೆ ಹೆಚ್ಚು ಪರಿಣಾಮಕಾರಿ ಎಂಬುದನ್ನು ಆಟವೇ ತಿಳಿಸುತ್ತದೆ. ಅದನ್ನು ನೋಡಿ ಆಯುಧಗಳನ್ನು ಜೋಡಿಸಿಕೊಂಡರೆ ಆ ಕಾಳಗಗಳು ಬೇಗ ಮುಗಿದು, ಮತ್ತೆ ಕಂಬಿಯ ಮೇಲೇರಲು ದಾರಿಯಾಗುತ್ತದೆ.